ಕದಿರಪ್ಪನವರ ಒಂದೇ ತಪ್ಪು

ಕದಿರಪ್ಪನವರ ಬಗ್ಗೆ ಬರೆಯಲು ಕೂತಾಗಲೆಲ್ಲ ಮೊದಲು ನನಗೆ ಸಿಟ್ಟು ಬರುತ್ತದೆ. ಕೆಟ್ಟವರ ಮೇಲಿನ ಸಿಟ್ಟು ಎರಡು ದಿನಕ್ಕೆ ಇಳಿಯುತ್ತದೆ. ಒಳ್ಳೆಯವರ ಮೇಲೆ ಬಂದದ್ದು ಹಾಗಲ್ಲ, ಅದು ಒಳಗೇ ಕೂತಿರುತ್ತದೆ. ನನ್ನದು ಇನ್ನೂ ಪೂರ್ತಿ ಇಳಿದಿಲ್ಲ. ಹಾಗಾಗಿ ಓದುವವರು ನನ್ನ ಮಾತನ್ನು ಸ್ವಲ್ಪ ಸೋಸಿಕೊಂಡು ಓದಿದರೆ ಒಳ್ಳೆಯದು.

ಕೋಲಾರದಲ್ಲಿ, ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಲ್ಯಾಬ್ ಇತ್ತು. ಬೋರ್ಡಿನ ಮೇಲೆ 'ವೈದ್ಯಕೀಯ ಸಂಶೋಧನೆಯ ಸಾಮೂಹಿಕ ಪ್ರಯೋಗಾಲಯ' ಎಂದು ಉದ್ದಕ್ಕೆ ಬರೆದಿತ್ತು. ಆಟೋದವರಿಗೆ 'ರಕ್ತದ ಲ್ಯಾಬ್' ಎಂದರೆ ಸಾಕಿತ್ತು. ಸಂಶೋಧನೆ ಮಾಡುವ ಒಬ್ಬೊಬ್ಬ ಡಾಕ್ಟರೂ ಲಕ್ಷಗಟ್ಟಲೆಯ ಯಂತ್ರ ಕೊಳ್ಳಲು ಆಗುವುದಿಲ್ಲವಲ್ಲ, ಅದಕ್ಕೇ ಎಲ್ಲರಿಗೂ ಸೇರಿ ಒಂದು ಲ್ಯಾಬ್. ಶಿವಾರಪಟ್ಟಣದ ಶಿಲ್ಪಿಗಳ ಎದೆಗೆ ಕಲ್ಲಿನ ದೂಳು ಏನು ಮಾಡುತ್ತದೆ ಎಂದು ಒಬ್ಬರು ನೋಡುತ್ತಿದ್ದರು. ಶ್ರೀನಿವಾಸಪುರದ ಬಸುರಿಯರ ರಕ್ತಹೀನತೆ ಇನ್ನೊಬ್ಬರದು. ಮುಳಬಾಗಿಲ ಕಡೆಯ ಬೋರ್‌ವೆಲ್ ನೀರು ಕುಡಿದವರ ಮೂಳೆ ಮತ್ತೊಬ್ಬರದು. ಎಲ್ಲರ ರಕ್ತವೂ ಐಸ್ ಡಬ್ಬಿಯಲ್ಲಿ ನಮ್ಮಲ್ಲಿಗೆ ಬರುತ್ತಿತ್ತು. ನಮ್ಮ ಪಾಲಿಗೆ ಅವರಿಗೆ ಹೆಸರಿರಲಿಲ್ಲ, ನಂಬರ್ ಮಾತ್ರ.

ಕದಿರಪ್ಪನವರು ಶ್ರೀನಿವಾಸಪುರ ತಾಲ್ಲೂಕಿನವರು. ಮನೆ ಮಾತು ತೆಲುಗು, ಹೊರಗೆ ಕನ್ನಡ. ಕಣ್ಣು ಮುಚ್ಚಿ ಕೇಳಿದರೆ ಯಾವುದು ಎಲ್ಲಿ ಮುಗಿಯಿತು ಎಂದು ಹೇಳುವುದು ಕಷ್ಟ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾಗಿ, ಹತ್ತಾರು ವರ್ಷ ಮಾವಿನ ಮಂಡಿಯಲ್ಲಿ ಕೆಲಸ ಮಾಡಿ, ೧೯೯೧ರಲ್ಲಿ ನಲವತ್ತರ ವಯಸ್ಸಿಗೆ ನಮ್ಮ ಲ್ಯಾಬಿನಲ್ಲಿ ಗಾಜು ತೊಳೆಯುವ ಕೆಲಸಕ್ಕೆ ಸೇರಿದರು. ತೊಳೆಯುವ ಕೋಣೆ ಕಟ್ಟಡದ ಹಿಂಭಾಗದಲ್ಲಿತ್ತು. ಆಸಿಡ್ ವಾಸನೆ, ಸದಾ ಒದ್ದೆ ನೆಲ. ಅಲ್ಲಿ ಮೂರು ವರ್ಷ ನಿಂತವರ ಕೈಬೆರಳ ಚರ್ಮ ಸುಲಿದು ಬರುತ್ತಿತ್ತು. ಅವರದೂ ಬಂತು.

ಅಲ್ಲಿಂದ ಅವರು ಮುಂದಿನ ಕೋಣೆಗೆ ಬಂದ ಕಥೆಯನ್ನು ನಾನು ಸೇರುವ ಹೊತ್ತಿಗೆ ಎಲ್ಲರೂ ಬಾಯಿಪಾಠ ಮಾಡಿದ್ದರು. ೧೯೯೪ರ ಬೇಸಿಗೆಯಲ್ಲಿ ಬಂದ ರಕ್ತದಲ್ಲೆಲ್ಲ ಕ್ಯಾಲ್ಸಿಯಂ ಜಾಸ್ತಿ ಎಂದು ಯಂತ್ರ ಹೇಳತೊಡಗಿತು. ಡಾಕ್ಟರುಗಳು ತಲೆ ಕೆರೆದುಕೊಂಡರು. ಯಂತ್ರದ ಕಂಪನಿಯವನು ಬಂದು ಎರಡು ದಿನ ಬಿಚ್ಚಿ ಜೋಡಿಸಿ ಹೋದ. ಕೊನೆಗೆ ಕದಿರಪ್ಪನವರು ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದುಕೊಂಡು ಲ್ಯಾಬಿನ ಮುಖ್ಯಸ್ಥರಾದ ಡಾಕ್ಟರ್ ಶ್ರೀನಿವಾಸಪ್ಪನವರ ಕೋಣೆಗೆ ಹೋದರು. ಒಣಗಿದ ಗಾಜಿನ ತಳದಲ್ಲಿ, ನಮ್ಮೂರಿನ ನೀರು ಕಾಯಿಸಿದ ಪಾತ್ರೆಯಲ್ಲಿ ಕೂರುತ್ತದಲ್ಲ, ಅಂಥ ಬಿಳಿ ಉಂಗುರ.

"ಸಾರ್, ಡಿಸ್ಟಿಲ್ಡ್ ವಾಟರ್ ಮಿಷನ್ನು ಕೆಟ್ಟು ಹದಿನೈದು ದಿನ ಆಯ್ತು. ಬಾಟ್ಲಿ ತೊಳೆಯೋ ಕೊನೇ ನೀರೂ ಬೋರ್‌ವೆಲ್ಲದೇ ಹಾಕ್ತಾವ್ರೆ. ಜನದ ರಕ್ತದಾಗಲ್ಲ ಸಾರ್ ಸುಣ್ಣ ಇರೋದು, ನಮ್ಮ ಬಾಟ್ಲಿನಾಗೆ."

ಆ ತಿಂಗಳೇ ಶ್ರೀನಿವಾಸಪ್ಪನವರು ಅವರನ್ನು ಮಾದರಿ ಸ್ವೀಕರಿಸುವ ಟೇಬಲ್ಲಿಗೆ ಹಾಕಿದರು. ಹಳ್ಳಿಗಳಿಂದ ಬಂದ ಟ್ಯೂಬುಗಳನ್ನು ಇಳಿಸಿ, ಅವುಗಳ ನಂಬರನ್ನು ಫಾರಂ ಜೊತೆ ತಾಳೆ ನೋಡಿ, ರಿಜಿಸ್ಟರಿಗೆ ಏರಿಸಿ, ಫ್ರೀಜರಿನಲ್ಲಿ ಇಡುವ ಕೆಲಸ. ಲ್ಯಾಬಿನಲ್ಲಿ ಉಳಿದ ಎಲ್ಲರ ತಪ್ಪನ್ನೂ ಇನ್ನೊಮ್ಮೆ ಪರೀಕ್ಷೆ ಮಾಡಿ ಸರಿಪಡಿಸಬಹುದು. ಈ ಟೇಬಲ್ಲಿನಲ್ಲಿ ಒಂದು ನಂಬರ್ ಆಚೀಚೆಯಾದರೆ ಮುಂದೆ ಯಾವ ಯಂತ್ರಕ್ಕೂ ಅದು ಗೊತ್ತಾಗುವುದಿಲ್ಲ. ಕದಿರಪ್ಪನವರು ಆ ಟೇಬಲ್ಲಿನ ಹಿಂದೆ ದೇವರ ಪೂಜೆಗೆ ಕೂತವರ ಹಾಗೆ ಕೂರುತ್ತಿದ್ದರು. ಒಗೆದ ಬಿಳಿ ಅಂಗಿ, ಹಣೆಯಲ್ಲಿ ತೆಳ್ಳಗೆ ನಾಮ. ಮೇಜಿನ ಮೇಲೆ ನೀರಿನ ಲೋಟ ಇಡುವ ಹಾಗಿಲ್ಲ. ಟ್ಯೂಬ್ ಇಳಿಸುವಾಗ ಯಾರಾದರೂ ಮಾತಾಡಿಸಿದರೆ ಡೈರೆಕ್ಟರೇ ಆಗಲಿ, ಉತ್ತರ ಇಲ್ಲ.

ಅವರ ಜೊತೆ ರಿಜಿಸ್ಟರ್ ಬರೆಯುತ್ತಿದ್ದವರು ಮುಳಬಾಗಿಲಿನ ಸಯೀದಾ. ಇವರಿಬ್ಬರ ಪದ್ಧತಿ ನೋಡಲೆಂದೇ ನಾನು ಕೆಲಸ ಬಿಟ್ಟು ಹೋಗಿ ನಿಲ್ಲುತ್ತಿದ್ದೆ. ಕದಿರಪ್ಪನವರು ಟ್ಯೂಬನ್ನು ಎತ್ತಿ ಹಿಡಿದು ತೆಲುಗಿನಲ್ಲಿ ಓದುತ್ತಿದ್ದರು, "ಮೂಡು ವಂದಲ ಪದಹಾರು." ಸಯೀದಾ ಅದನ್ನು ತಮ್ಮ ಮನೆಮಾತಿನಲ್ಲಿ ತಿರುಗಿ ಹೇಳುತ್ತಿದ್ದರು, "ತೀನ್ ಸೌ ಸೋಲಾ." ಆಮೇಲೆ ಇಂಗ್ಲಿಷ್ ಅಂಕಿಯಲ್ಲಿ 316 ಎಂದು ಬರೆಯುತ್ತಿದ್ದರು. ಅವರು ಬರೆದದ್ದನ್ನು ಕದಿರಪ್ಪನವರು ಕಣ್ಣಿನಿಂದ ಇನ್ನೊಮ್ಮೆ ನೋಡುತ್ತಿದ್ದರು. ಜಗಳ ಬಂದರೆ ಕನ್ನಡದಲ್ಲಿ. ಎಣಿಸುವುದು ಮಾತ್ರ ತಾಯಿ ಕಲಿಸಿದ ಮಾತಿನಲ್ಲೇ ಆಗಬೇಕು, ಆಗಲೇ ತಪ್ಪಾಗುವುದಿಲ್ಲ ಎಂಬುದು ಇಬ್ಬರ ಪಟ್ಟು. ೨೦೦೫ರ ತನಕ, ಹನ್ನೊಂದು ವರ್ಷದಲ್ಲಿ, ಆ ಟೇಬಲ್ಲಿನಿಂದ ಒಂದು ತಪ್ಪೂ ಹೊರಗೆ ಹೋಗಿರಲಿಲ್ಲ. ಕದಿರಪ್ಪನವರಿಗೆ ಇದು ಗೊತ್ತಿತ್ತು, ಗೊತ್ತಿದೆ ಎಂದು ತೋರಿಸಿಕೊಳ್ಳುವ ಚಪಲವೂ ಸ್ವಲ್ಪ ಇತ್ತು. ಹೊಸಬರು ಬಂದರೆ ಸಾಕು, "ಇಷ್ಟು ವರ್ಷ ಆಯ್ತಮ್ಮಾ," ಎಂದು ಶುರು ಮಾಡುತ್ತಿದ್ದರು.

ನಾನು ಹೊಸಬಳಾಗಿ ಬಂದದ್ದು ೨೦೦೩ರಲ್ಲಿ. ಹೆಸರು ಶ್ರೀಪ್ರಿಯಾ, ಊರು ಮಾಲೂರು, ಅಪ್ಪ ಅಲ್ಲಿನ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಲ್ಯಾಬಿಗೆ ಆಗಷ್ಟೇ ಡಿಎನ್‌ಎ ಓದುವ ಸಲಕರಣೆ ಬಂದಿತ್ತು, ಅದನ್ನು ನಡೆಸಲು ನನ್ನನ್ನು ತೆಗೆದುಕೊಂಡರು. ರಕ್ತದಿಂದ ಡಿಎನ್‌ಎ ತೆಗೆದು, ಗೊತ್ತಾದ ಕೆಲವು ಜಾಗಗಳಲ್ಲಿ ಯಾವ ಅಕ್ಷರ ಇದೆ ಎಂದು ಓದುವುದೇ ನನ್ನ ಕೆಲಸ. ಪ್ರತಿ ಜಾಗದಲ್ಲೂ ಎರಡು ಅಕ್ಷರ ಇರುತ್ತದೆ, ಒಂದು ತಾಯಿಯದು, ಇನ್ನೊಂದು ತಂದೆಯದು. ಇಷ್ಟು ತಿಳಿದಿದ್ದರೆ ಈ ಕಥೆಗೆ ಸಾಕು.

೨೦೦೪ರಲ್ಲಿ ಬೆಂಗಳೂರಿನ ಒಂದು ಸಂಶೋಧನಾ ತಂಡ ದೊಡ್ಡ ಕೆಲಸ ತಂದಿತು. ಸಕ್ಕರೆ ಕಾಯಿಲೆ ಮನೆತನದಲ್ಲಿ ಹೇಗೆ ಇಳಿದು ಬರುತ್ತದೆ ಎಂದು ನೋಡುವುದು. ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕುಗಳಲ್ಲಿ ಎಂಬತ್ನಾಲ್ಕು ಕುಟುಂಬ, ಒಂದೊಂದರಲ್ಲೂ ಅಜ್ಜ, ಅಪ್ಪ, ಮಕ್ಕಳು, ಚಿಕ್ಕಮ್ಮ ಎಲ್ಲರ ರಕ್ತ. ಜನ ಸುಮ್ಮನೆ ಕೈಚಾಚಲಿಲ್ಲ. ಕೊನೆಯಲ್ಲಿ ಪ್ರತಿ ಮನೆಗೂ ಒಂದು ಪಟ ಕೊಡುತ್ತೇವೆ ಎಂದು ತಂಡದವರು ಮಾತು ಕೊಟ್ಟಿದ್ದರು. ಮನೆಯವರೆಲ್ಲರ ಹೆಸರು, ಯಾರಿಂದ ಯಾರು ಎಂದು ಗೆರೆ, ಯಾರಿಗೆ ಕಾಯಿಲೆ ಬರುವ ಸಂಭವ ಎಂದು ಬಣ್ಣ. ಲ್ಯಾಮಿನೇಷನ್ ಮಾಡಿದ ಪಟ, ಗೋಡೆಗೆ ತೂಗುಹಾಕಬಹುದು. ಹಳ್ಳಿಗಳಲ್ಲಿ ಅದರದೇ ಮಾತು.

೨೦೦೫ರ ಆಗಸ್ಟಿನಲ್ಲಿ ಆ ತಂಡದ ಮ್ಯಾನೇಜರ್ ಭಾರ್ಗವ್ ಒಂದು ಪಟ್ಟಿ ಹಿಡಿದುಕೊಂಡು ಬಂದ. ಮೂವತ್ತು ದಾಟದ ಹುಡುಗ, ಮಾತು ಮೃದು, ಕೆಲಸ ಕಟ್ಟುನಿಟ್ಟು. ಎಂಬತ್ನಾಲ್ಕರಲ್ಲಿ ಹನ್ನೊಂದು ಕುಟುಂಬಗಳ ಲೆಕ್ಕ ಹೊಂದುತ್ತಿಲ್ಲ ಎಂದ. ತಂದೆ ಎಂದು ಬರೆದವನ ಅಕ್ಷರಗಳು ಮಕ್ಕಳಲ್ಲಿ ಇಲ್ಲ.

"ನಿಮ್ಮ ಓದಿನಲ್ಲಿ ತಪ್ಪಿಲ್ಲ ಶ್ರೀಪ್ರಿಯಾ, ಎರಡು ಸಲ ನೋಡಿದೀವಿ. ಟ್ಯೂಬ್‌ಗಳೇ ಮಿಕ್ಸ್ ಆಗಿವೆ," ಎಂದ.

ಆಮೇಲೆ ಟೇಬಲ್ಲಿನ ಹತ್ತಿರ ಅರ್ಧ ಗಂಟೆ ನಿಂತು ನೋಡಿದ. ಪದಹಾರು, ಸೋಲಾ ಎಲ್ಲ ಕೇಳಿಸಿಕೊಂಡ. ಅವನ ಮುಖ ನೋಡಬೇಕಿತ್ತು. ಅಡುಗೆಮನೆಯಲ್ಲಿ ಚಪ್ಪಲಿ ಕಂಡವನ ಹಾಗಿದ್ದ.

"ಸರ್, ಮೂರು ಭಾಷೇಲಿ ನಂಬರ್ ಓದ್ತಾರೆ. ಹನ್ನೊಂದಕ್ಕೇ ನಿಂತಿದ್ದು ಆಶ್ಚರ್ಯ," ಎಂದು ಶ್ರೀನಿವಾಸಪ್ಪನವರಿಗೆ ಹೇಳಿದ.

ಶ್ರೀನಿವಾಸಪ್ಪನವರು ಒಳ್ಳೆಯವರು, ಆದರೆ ಬೆಂಗಳೂರಿನ ಕಾರು ಕಂಡರೆ ಬೆನ್ನು ಬಗ್ಗುತ್ತಿತ್ತು. ತೀರ್ಮಾನ ಹೀಗಾಯಿತು. ಹತ್ತು ದಿನದೊಳಗೆ ಈ ಹನ್ನೊಂದು ಮನೆಗಳ ಗೊಂದಲಕ್ಕೆ ಬೇರೆ ಕಾರಣ ತೋರಿಸಬೇಕು. ಅವುಗಳಲ್ಲಿ ಒಂದೇ ಒಂದು ಟ್ಯೂಬ್ ಟೇಬಲ್ಲಿನಲ್ಲಿ ಅದಲುಬದಲಾಗಿದೆ ಎಂದಾದರೂ ಕದಿರಪ್ಪನವರು ಟೇಬಲ್ ಬಿಡಬೇಕು. ನಿವೃತ್ತಿಗೆ ನಾಲ್ಕು ವರ್ಷ ಇತ್ತು. ಬೇರೆ ಹುದ್ದೆ ಇರಲಿಲ್ಲ, ವಾಪಸು ಗಾಜು ತೊಳೆಯುವ ಕೋಣೆಗೇ.

ಕದಿರಪ್ಪನವರು ಮಧ್ಯಾಹ್ನ ಮುದ್ದೆಯ ಡಬ್ಬಿ ತೆರೆದು, ಹಾಗೇ ಮುಚ್ಚಿಟ್ಟರು. ಸಯೀದಾ ಮಾತ್ರ ಭಾರ್ಗವ್‌ಗೆ ಕೇಳಿಸುವ ಹಾಗೆ ತಮ್ಮ ಭಾಷೆಯಲ್ಲಿ ಏನೋ ಅಂದರು. ಅರ್ಥ ಕೇಳಿದೆ, ಹೇಳಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಆಫೀಸಿನ ಫೋನ್ ಬಡಿಯಿತು. ನಾನೇ ಎತ್ತಿದೆ. ಆಗಾಗ ಬರುತ್ತಿದ್ದ ಹುಡುಗಿಯ ದನಿ, "ಅಣ್ಣ ಇದ್ದಾರಾ ಮೇಡಂ?" ನಾನು ಟೇಬಲ್ಲಿನ ಕಡೆ ತಿರುಗಿ ಕೂಗಿದೆ, "ಕದಿರಪ್ಪನೋರೇ, ನಿಮ್ಮ ತಂಗಿ ಫೋನು."

ಅವರು ಬಂದು ಫೋನಿನಲ್ಲಿ ಮಾತಾಡಿ ಇಟ್ಟರು. "ತಂಗಿ ಯಾರಮ್ಮಾ ನಂಗೆ? ನನ್ನ ಮಗಳು ಅದು."

"ಎರಡು ವರ್ಷದಿಂದ ಅಣ್ಣ ಅಣ್ಣ ಅಂತ ಕೇಳ್ತಾಳಲ್ಲ!"

"ಮತ್ತೇನಂತಾಳೆ? ನಮ್ಮ ಕಡೆ ಅಪ್ಪನ್ನ ಅಣ್ಣ ಅಂತಲೇ ಕರೆಯೋದು. ತುಂಬಿದ ಮನೆ, ನನ್ನ ತಮ್ಮಂದಿರು ಅಣ್ಣ ಅಂತಾರೆ, ಮಕ್ಳೂ ಅದನ್ನೇ ಕಲೀತವೆ. ನಾಯನ ಅನ್ನೋದು ನಮ್ಮಪ್ಪನ್ನ, ಅಂದ್ರೆ ಅವಳ ತಾತನ್ನ. ನಾವು ಕರೆದಂಗೇ ಅವಳೂ ಕರೀತಾಳೆ."

ನಾನು ಮಾಲೂರಿನಲ್ಲಿ ಅಪ್ಪನನ್ನು ಅಪ್ಪ ಎಂದೇ ಕರೆದು ಬೆಳೆದವಳು. ನಗು ಬಂತು, ನಗಲು ಬಾಯಿ ತೆರೆದವಳು ಹಾಗೇ ನಿಂತೆ. ಕದಿರಪ್ಪನವರೂ ನಿಂತರು. ಇಬ್ಬರಿಗೂ ಒಂದೇ ಸಲ ಹೊಳೆದಿತ್ತು. ಹಳ್ಳಿಗೆ ಹೋಗಿ ಫಾರಂ ತುಂಬಿದವರೆಲ್ಲ ಬೆಂಗಳೂರಿನ ಹುಡುಗ ಹುಡುಗಿಯರು. "ಇವರು ನಿಮಗೇನಾಗ್ಬೇಕು?" ಎಂದರೆ ಮನೆಯ ಹುಡುಗ "ಅಣ್ಣ" ಎಂದಿರುತ್ತಾನೆ. ಇವರು ಸಲೀಸಾಗಿ 'ಹಿರಿಯ ಸಹೋದರ' ಎಂದು ಬರೆದಿರುತ್ತಾರೆ. ಜಗಲಿಯ ಮೇಲಿದ್ದ ಮುದುಕ ಯಾರು ಎಂದರೆ "ನಾಯನ". ನಾಯನ ಎಂದರೆ ತೆಲುಗಿನಲ್ಲಿ ಅಪ್ಪ ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ಅಲ್ಲಿಗೆ ತಾತ ತಂದೆಯಾದ, ತಂದೆ ಅಣ್ಣನಾದ.

ನಾನು ಓಡಿಹೋಗಿ ಫಲಿತಾಂಶದ ಕಾಗದ ತೆಗೆದೆ. ಹನ್ನೊಂದರಲ್ಲಿ ಹತ್ತು ಮನೆಗಳಲ್ಲಿ 'ಅಣ್ಣ' ಎಂದು ಬರೆದವನ ಒಂದಕ್ಷರ ಪ್ರತಿ ಜಾಗದಲ್ಲೂ ಆ ಹುಡುಗನಲ್ಲಿತ್ತು. ಅಣ್ಣತಮ್ಮಂದಿರಲ್ಲಿ ಹಾಗಿರುವುದಿಲ್ಲ, ತಂದೆ ಮಕ್ಕಳಲ್ಲಿ ಮಾತ್ರ. ರಕ್ತವೂ ಸರಿಯಾಗಿತ್ತು, ಟ್ಯೂಬೂ ಸರಿಯಾಗಿತ್ತು. ತಪ್ಪಾದದ್ದು ಸಂಬಂಧ ಬರೆದ ಸಾಲಿನಲ್ಲಿ. ಸಯೀದಾ ಕದಿರಪ್ಪನವರ ಮುಂದೆ ಚಹಾ ತಂದಿಟ್ಟರು, ಟೇಬಲ್ಲಿನ ಮೇಲೇ. ಅವರು ಬೈಯಲಿಲ್ಲ.

ಆದರೆ ಭಾರ್ಗವ್‌ಗೆ ಬಾಯಿಮಾತು ಸಾಲದು. ಮನೆಮನೆಗೆ ಹೋಗಿ ಕೇಳಿ, ತಿದ್ದಿದ ಫಾರಂಗೆ ಸಹಿ ಹಾಕಿಸಿಕೊಂಡು ಬನ್ನಿ ಎಂದ. ಅದೂ ನ್ಯಾಯವೇ. ಲ್ಯಾಬಿನ ಜೀಪು ತೆಗೆದುಕೊಂಡು ಕದಿರಪ್ಪನವರೂ ನಾನೂ ಹೊರಟೆವು. ಮೂರು ದಿನದಲ್ಲಿ ಹತ್ತು ಮನೆ ಮುಗಿಸಿದೆವು. ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, "ನಿನ್ನು ಕನ್ನ ತಂಡ್ರಿ ಎವರು?" ಹೆತ್ತ ತಂದೆ ಯಾರು ಎಂದು. ಅಣ್ಣ, ನಾಯನ ಯಾವುದೂ ನುಸುಳದ ಹಾಗೆ ಆರಿಸಿದ ಮಾತು. ಒಂದು ಮನೆಯಲ್ಲಿ ಸೊಪ್ಪು ಸೋಸುತ್ತಿದ್ದ ಅಜ್ಜಿ ಬಿದ್ದು ಬಿದ್ದು ನಕ್ಕಳು.

"ನನ್ನ ಸೊಸೆ ಯಾರಿಗೆ ಹೆತ್ತಳು ಅಂತ ಕೇಳಾಕೆ ಜೀಪು ಮಾಡ್ಕೊಂಡು ಬಂದ್ಯೇನಯ್ಯಾ? ಇವನೇ ನೋಡು, ಅದೇ ಮೂಗು."

ಹತ್ತೂ ಮನೆಯಲ್ಲಿ ಅಣ್ಣನೇ ಅಪ್ಪ. ಕದಿರಪ್ಪನವರು ದಾರಿಯಲ್ಲಿ ಜೀಪಿನ ಚಾಲಕನಿಗೂ "ಹನ್ನೊಂದು ವರ್ಷ ಆಯ್ತಪ್ಪಾ" ಶುರು ಮಾಡಿದ್ದರು. ನಾನು ಖುಷಿಯಲ್ಲಿದ್ದೆ. ಹನ್ನೊಂದನೆಯದರಲ್ಲಿ 'ಅಣ್ಣ' ಎಂದು ಬರೆದವರೇ ಇಲ್ಲ ಎಂದು ಕಾಗದದಲ್ಲಿ ನೋಡಿದ್ದೆ. ಅಲ್ಲೂ ಇಂಥದೇ ಇನ್ನೇನೋ ಇರುತ್ತದೆ ಎಂದು ನನ್ನ ಲೆಕ್ಕ.

ಆ ಊರು ಮುಳಬಾಗಿಲಿನಿಂದ ಆಚೆ, ಆಂಧ್ರದ ಗಡಿಗೆ ತಾಗಿದ್ದು. ಹೆಸರು ಹೇಳುವುದಿಲ್ಲ. ಮನೆಯವರ ಹೆಸರನ್ನೂ ಬದಲಿಸಿದ್ದೇನೆ, ತಾಯಿಯನ್ನು ರಾಧಮ್ಮ ಎನ್ನೋಣ. ಎರಡು ಮನೆ ಆಚೆ ಇದ್ದ ಅವರ ತಂಗಿ ಶ್ಯಾಮಲಮ್ಮ. ಹುಡುಗಿಗೆ ನಾನು ಹೆಸರನ್ನೇ ಇಡುವುದಿಲ್ಲ. ಆಗ ಅವಳಿಗೆ ಹತ್ತೊಂಬತ್ತು, ಮುಳಬಾಗಿಲಿನಲ್ಲಿ ಡಿಗ್ರಿ ಓದುತ್ತಿದ್ದಳು. ನಾವು ಹೋದಾಗ ಟೊಮೆಟೊ ಬುಟ್ಟಿ ತುಂಬುತ್ತಿದ್ದವಳು ಕೈ ಒರೆಸಿಕೊಂಡು ಬಂದು ಚಾಪೆ ಹಾಸಿದಳು. ಮಾತು ಪಟಪಟ.

"ಪಟ ಯಾವಾಗ ಕೊಡ್ತೀರಾ ಸಾರ್? ನಮ್ಮಮ್ಮ ಗೋಡೆಗೆ ಮೊಳೆ ಹೊಡ್ಸಿ ಮೂರು ತಿಂಗ್ಳಾಯ್ತು."

ಕದಿರಪ್ಪನವರು ನಕ್ಕು, ಅಭ್ಯಾಸವಾಗಿದ್ದ ಪ್ರಶ್ನೆಯನ್ನು ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ರಾಧಮ್ಮನ ಮುಖ ನೋಡಿ ನಿಲ್ಲಿಸಿದರು. ಆಕೆ ಮಗಳನ್ನು ಅಂಗಡಿಗೆ ಸಕ್ಕರೆ ತರಲು ಕಳಿಸಿದರು. ಆ ಮನೆಯಲ್ಲಿ ಸಕ್ಕರೆ ಕಾಯಿಲೆಯವರೇ ನಾಲ್ಕು ಜನ.

"ಬೇರೆ ಊರುಗಳಾಗೆ ಹೆತ್ತೋರು ಯಾರು ಅಂತ ಕೇಳ್ತಾ ಬರ್ತಾ ಇದ್ದೀರಂತೆ," ಎಂದರು ರಾಧಮ್ಮ. "ನಿನ್ನೆ ಬಸ್ಸಿನಾಗೆ ಯಾರೋ ಅಂದ್ರು. ರಾತ್ರಿಯೆಲ್ಲ ನಿದ್ದೆ ಬಂದಿಲ್ಲ ಸಾಮಿ."

ಆಮೇಲೆ ಸುತ್ತಿ ಬಳಸದೆ ಹೇಳಿದರು. ಅವರಿಗೆ ಮೂರು ಬಸಿರು ನಿಲ್ಲಲಿಲ್ಲ. ಇನ್ನು ಆಗುವುದಿಲ್ಲ ಎಂದರು ಡಾಕ್ಟರು. ತಂಗಿ ಆಗ ಆಂಧ್ರದ ಪಲಮನೇರಿನಲ್ಲಿದ್ದಳು, ಎರಡನೆಯ ಬಸುರಿ. ಅಕ್ಕ ತಾವೇ ಬಸುರಿ ಎಂದು ಊರಿಗೆ ಹೇಳಿ, ಹೆರಿಗೆಯ ನೆಪದಲ್ಲಿ ಆರು ತಿಂಗಳು ಅಲ್ಲೇ ಇದ್ದು, ಬರುವಾಗ ಮಗುವನ್ನು ಎತ್ತಿಕೊಂಡು ಬಂದರು. ತಮ್ಮದೇ ಎಂದು ಊರಿಗೆ ಹೇಳಿದರು. ಗಂಡನಿಗೂ ತಂಗಿಯ ಗಂಡನಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಆಮೇಲೆ ತಂಗಿಯೂ ಇದೇ ಊರಿಗೆ ಬಂದು ನೆಲೆಸಿದಳು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಆ ಬಗ್ಗೆ ಒಂದು ಮಾತು ಆಡಲಿಲ್ಲ.

"ರಕ್ತದಾಗೆ ಸಕ್ರೆ ನೋಡ್ತಾರೆ ಅಂದ್ರು, ಕೊಟ್ವಿ. ಹೆತ್ತೋಳು ಯಾರು ಅಂತ ಅದರಾಗೆ ಬರೆದಿರ್ತದೆ ಅಂತ ಯಾರೂ ಹೇಳ್ಲಿಲ್ಲ. ಆ ಪಟದಾಗೆ ಅದೂ ಬರ್ತದಾ?"

ನಾನು ನೆಲ ನೋಡಿದೆ. ಬರುತ್ತದೆ. ತಿದ್ದಿದ್ದೆಲ್ಲ ಕಂಪ್ಯೂಟರಿಗೆ ಹೋಗುತ್ತದೆ, ಕಂಪ್ಯೂಟರಿನಲ್ಲಿ ಇದ್ದದ್ದೇ ಪಟವಾಗುತ್ತದೆ. ಭಾರ್ಗವ್‌ನ ಪಟ್ಟಿಯಲ್ಲಿ ಆ ಹುಡುಗಿ ಅಪ್ಪ ಅಮ್ಮನಿಗೆ ಹೊಂದುತ್ತಿಲ್ಲ ಎಂದಷ್ಟೇ ಇತ್ತು. ಕಾರಣ ಬರೆದ ದಿನ ಗೆರೆ ರಾಧಮ್ಮನನ್ನು ಬಿಟ್ಟು ಶ್ಯಾಮಲಮ್ಮನಿಗೆ ಹೋಗುತ್ತದೆ.

"ಹೇಳೋದಾದ್ರೆ ಅವಳಿಗೆ ನಾನು ಹೇಳ್ಬೇಕು ಸಾಮಿ," ಎಂದರು ರಾಧಮ್ಮ. "ಗೋಡೆ ಮೇಲಿನ ಪಟ ಹೇಳ್ಬಾರ್ದು."

"ಬರಲ್ಲಮ್ಮಾ," ಎಂದರು ಕದಿರಪ್ಪನವರು. "ನನ್ನ ಮಾತು ನಂಬು. ಬರಲ್ಲ."

ಹುಡುಗಿ ಸಕ್ಕರೆ ತಂದಳು. ಕಾಫಿ ಕುಡಿದು ಹೊರಟೆವು. ಫಾರಂ ಬ್ಯಾಗಿನಲ್ಲೇ ಇತ್ತು.

ಜೀಪಿನಲ್ಲಿ ನಾನು ಮೆಲ್ಲಗೆ ಶುರು ಮಾಡಿದವಳು, ನಂಗಲಿ ದಾಟುವ ಹೊತ್ತಿಗೆ ಜಗಳಕ್ಕೇ ಇಳಿದಿದ್ದೆ. ಈ ಮನೆಯವರು ಸಂಶೋಧನೆ ಬೇಡವೆಂದು ಹಿಂದೆ ಸರಿದರು ಎಂದು ಬರೆಯೋಣ ಎಂದೆ.

"ಯಾಕೆ ಸರಿದ್ರು ಅಂತ ಕೇಳಾಕೆ ಭಾರ್ಗವ್ ಸಾರ್ ಇನ್ನೊಬ್ಬರನ್ನ ಕಳಿಸ್ತಾರೆ. ಆ ಹುಡುಗಿ ಬಾಯಿ ನೋಡಿದ್ರಲ್ಲ, ಅವಳೇ ಕೇಳ್ತಾಳೆ ಮೊದ್ಲು."

"ಕಾರಣ ಗೊತ್ತಾಗ್ಲಿಲ್ಲ ಅಂತ ಬರೀರಿ."

"ಗೊತ್ತಾಗಿಲ್ಲ ಅಂದ್ರೆ ಗೊತ್ತು ಮಾಡ್ಕೊಳ್ಳಾಕೆ ಬರ್ತಾರೆ ಶ್ರೀಪ್ರಿಯಮ್ಮಾ. ಯಾರೂ ಆ ಮನೆಗೆ ಹೋಗಿ ಕೇಳದಂಗೆ ಇರೋ ಕಾರಣ ಒಂದೇ ಇರೋದು." ಅವರು ಹೊರಗೆ ನೋಡುತ್ತಿದ್ದರು. "ಟ್ಯೂಬು ಬೆರೆತೋಯ್ತು ಅನ್ನೋದು."

ನಾನು ಹೇಳಬಾರದ್ದನ್ನೆಲ್ಲ ಹೇಳಿದೆ. ನಿಮಗೇನು ಹುಚ್ಚಾ ಎಂದೆ. ಯಾರೋ ಗುರುತಿಲ್ಲದ ಮನೆಯವರಿಗಾಗಿ ಮತ್ತೆ ಆಸಿಡ್ಡಿಗೆ ಕೈ ಹಾಕುತ್ತೀರಾ, ಸಯೀದಾಗೂ ಕೆಟ್ಟ ಹೆಸರು ತರುತ್ತೀರಾ ಎಂದೆ. ಸಯೀದಾ ಹೆಸರು ಬಂದಾಗ ಮಾತ್ರ ತಿರುಗಿದರು.

"ಆಯಮ್ಮಂದು ಏನಿಲ್ಲ. ಬರೆದಿದ್ದು ಸರೀನೇ ಇದೆ. ಎತ್ತಿಟ್ಟಿದ್ದು ನಾನು, ನಂದೇ ಕೈತಪ್ಪು ಅಂತ ಬರೀತೀನಿ."

ಅವರಿಗೆ ಇದು ಸುಲಭವಾಗಿತ್ತು ಎಂದು ಯಾರೂ ತಿಳಿಯಬಾರದು. ಆ ಟೇಬಲ್ಲನ್ನು ಅವರು ಎಷ್ಟು ಪ್ರೀತಿಸುತ್ತಿದ್ದರು ಎಂದು ನನಗೆ ಗೊತ್ತು. ಕೋಲಾರ ಬರುವ ತನಕ ಬೆರಳುಗಳನ್ನು ಒಂದೊಂದಾಗಿ ಸವರಿಕೊಳ್ಳುತ್ತಾ ಕೂತಿದ್ದರು.

ಮರುದಿನ ಹತ್ತು ಫಾರಂಗಳ ಜೊತೆ ಒಂದು ಬಿಳಿ ಹಾಳೆ ಕೊಟ್ಟರು. ಇಂಥ ನಂಬರಿನ ಟ್ಯೂಬಿಗೆ ಬೇರೆಯವರ ರಕ್ತ ಸೇರಿದೆ, ಯಾರದೆಂದು ತಿಳಿಯದು, ಟೇಬಲ್ಲಿನಲ್ಲಿ ನನ್ನಿಂದ ಆದ ತಪ್ಪು ಎಂದು ದುಂಡು ಅಕ್ಷರದಲ್ಲಿ ಬರೆದಿದ್ದರು. ಅದರ ಕೆಳಗೆ 'ಪರಿಶೀಲಿಸಲಾಗಿದೆ' ಎಂದು ಸಹಿ ಹಾಕಬೇಕಾದವಳು ನಾನು. ಹಾಕಿದೆ. ನನ್ನ ಸಿಟ್ಟಿನಲ್ಲಿ ನನಗೂ ಒಂದು ಪಾಲಿದೆ.

ಭಾರ್ಗವ್ ಹತ್ತು ಮನೆಗಳ ವಿಷಯ ಓದಿ ನಿಜವಾಗಿಯೂ ನಾಚಿಕೊಂಡ. ಕದಿರಪ್ಪನವರ ಹತ್ತಿರ ಬಂದು ಕ್ಷಮೆ ಕೇಳಿದ. ಹನ್ನೊಂದನೆಯದನ್ನು ಎರಡು ಸಲ ಓದಿದ. "ಹನ್ನೊಂದು ವರ್ಷಕ್ಕೆ ಒಂದೇ ತಪ್ಪು, ದೊಡ್ಡದಲ್ಲ. ಆದ್ರೆ ಹೇಳಿದ ಮಾತಿಗೆ ನಾನು ನಿಲ್ಲಬೇಕಾಗುತ್ತೆ," ಎಂದ. ಆ ಹುಡುಗಿಯ ರಕ್ತವನ್ನು ಮತ್ತೆ ತೆಗೆಯಲು ಸಮಯವಿರಲಿಲ್ಲ, ಅವಳ ಫಲಿತಾಂಶವನ್ನು ಲೆಕ್ಕದಿಂದ ಬಿಟ್ಟರು. ತಿಂಗಳ ಕೊನೆಗೆ ಟ್ಯೂಬಿನ ಮೇಲೆ ಗೆರೆಗೆರೆಯ ಚೀಟಿ ಅಂಟಿಸಿ ಓದುವ ಯಂತ್ರ ಬಂತು. ಸಯೀದಾ ಅದರ ಮುಂದೆ ಮೌನವಾಗಿ ಕೂರುವುದನ್ನು ಕಲಿತರು. ಕದಿರಪ್ಪನವರು ಬಿಳಿ ಅಂಗಿ ಮನೆಯಲ್ಲಿಟ್ಟು, ಖಾಕಿ ಹಾಕಿಕೊಂಡು ಹಿಂದಿನ ಕೋಣೆಗೆ ಹೋದರು. ಸಯೀದಾ ಒಂದು ವಾರ ಅವರ ಜೊತೆ ಮಾತು ಬಿಟ್ಟರು. ನಿಜ ಹೇಳುವ ಹಾಗಿರಲಿಲ್ಲ, ಕದಿರಪ್ಪನವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಪಟಗಳು ೨೦೦೬ರ ಸಂಕ್ರಾಂತಿ ಹೊತ್ತಿಗೆ ಮನೆಮನೆಗೆ ಹೋದವು. ಆಮೇಲೆ ಹದಿನೈದು ದಿನಕ್ಕೆ, ಒಂದು ಬೆಳಿಗ್ಗೆ ಆ ಹುಡುಗಿ ಲ್ಯಾಬಿಗೆ ಬಂದಳು. ಕಂಕುಳಲ್ಲಿ ಪಟ. ಕಾಲೇಜಿಗೆ ರಜೆ ಹಾಕಿ, ಎರಡು ಬಸ್ಸು ಹತ್ತಿ ಬಂದಿದ್ದಳು. ಮೊಳೆ ಹೊಡೆದ ಗೋಡೆಯಿಂದ ಕಿತ್ತುಕೊಂಡೇ ಬಂದಿರಬೇಕು. ನನ್ನ ಮೇಜಿನ ಮೇಲೆ ಹರಡಿದಳು. ರಾಧಮ್ಮ, ಅವರ ಗಂಡ, ಇಬ್ಬರಿಂದಲೂ ಕೆಳಗಿಳಿದ ಗೆರೆಯ ತುದಿಯಲ್ಲಿ ಅವಳ ಹೆಸರು. ಎಲ್ಲರ ಕೆಳಗೂ ಬಣ್ಣ ಇತ್ತು. ಅವಳ ಕೆಳಗೆ ಮಾತ್ರ ಖಾಲಿ, ಮಾದರಿ ಕೆಟ್ಟಿದೆ ಎಂದು ಸಣ್ಣಕ್ಷರ.

"ಇಡೀ ಮನೇಲಿ ನಂದೊಂದೇ ಹಿಂಗ್ಯಾಕೆ? ನಮ್ಮಮ್ಮನ ಮುಂದೆ ಹೇಳಿದ್ರೆ ಹೋಗ್ಲಿ ಬಿಡು ಅಂತಾಳೆ. ಯಾರ್ರೀ ನನ್ನ ಟ್ಯೂಬು ಹಾಳ್ಮಾಡಿದ್ದು?"

ತೊಳೆದ ಗಾಜಿನ ತಟ್ಟೆ ಹಿಡಿದುಕೊಂಡು ಕದಿರಪ್ಪನವರು 'ನಾನೇ' ಎನ್ನುತ್ತಾ ಬಾಗಿಲಲ್ಲಿ ನಿಂತರು. ಮೊಣಕೈ ತನಕ ಒದ್ದೆ. ಬೆರಳುಗಳು ಮತ್ತೆ ಸುಲಿಯತೊಡಗಿದ್ದವು.

"ನೀವಾ? ಮನೇಗೆ ಬಂದು ಕಾಫಿ ಕುಡ್ದು ಹೋದ್ರಲ್ಲ, ಒಂದು ಮಾತು ಹೇಳಿದ್ರಾ?" ಹುಡುಗಿಗೆ ಕಣ್ಣಲ್ಲಿ ನೀರು ಬಂದಿತ್ತು. "ನಮ್ಮಮ್ಮಂಗೆ ಸಕ್ರೆ ಕಾಯ್ಲೆ, ಕಾಲು ಗಾಯ ವಾಸಿ ಆಗ್ತಾ ಇಲ್ಲ. ಅವಳ ಹೊಟ್ಟೇಲಿ ಹುಟ್ಟಿದೋಳು ನಾನು, ನಂಗೂ ಬರುತ್ತೋ ಏನೋ ಅಂತ ತಿಳ್ಕೊಳ್ಳೋಕೆ ರಕ್ತ ಕೊಟ್ಟಿದ್ದು. ನಿಮ್ಗೇನು? ಒಂದು ಟ್ಯೂಬು. ನೋಡ್ಕೊಂಡು ಕೆಲ್ಸ ಮಾಡೋಕೆ ಬರಲ್ವಾ ನಿಮ್ಗೆ?"

ಆಚೆ ಟೇಬಲ್ಲಿನಿಂದ ಸಯೀದಾ ತಲೆ ಎತ್ತಿದರು. ನಿಜ ಹೇಳಿಬಿಡಲು ನಾನು ಎದ್ದೆ. ಕದಿರಪ್ಪನವರು ಒಮ್ಮೆ ನನ್ನ ಕಡೆ ನೋಡಿದರು, ಅಷ್ಟೇ. ನಾನು ಮತ್ತೆ ಕೂತೆ.

"ತಪ್ಪಾಯ್ತು ತಾಯಿ," ಎಂದರು ಅವಳಿಗೆ. "ವಯಸ್ಸಾಯ್ತು, ಕಣ್ಣು ಸರಿಯಾಗಿ ಕಾಣಲ್ಲ. ಆ ಪರೀಕ್ಷೆ ಈಗ ಆಗಲ್ಲ. ಸಕ್ರೆದು ಮಾತ್ರ ಇವತ್ತೇ ಮಾಡಿಸ್ಕೊಡ್ತೀನಿ. ಬೆಳಗ್ಗೆ ಏನಾದ್ರೂ ತಿಂದ್ಯಾ?"

"ಇಲ್ಲ."

"ಕಾಫಿ?"

"ಅದೂ ಇಲ್ಲ."

"ಒಳ್ಳೇದಾಯ್ತು, ಕೂತ್ಕೋ." ತಟ್ಟೆಯನ್ನು ಕೆಳಗಿಟ್ಟು, ಕೈಯನ್ನು ಖಾಕಿ ಅಂಗಿಗೆ ಒರೆಸಿಕೊಂಡು ಅವಳಿಗೆ ಸ್ಟೂಲು ಎಳೆದರು. ಆಮೇಲೆ ನನಗೆ ಹೇಳಿದರು, "ಶ್ರೀಪ್ರಿಯಮ್ಮಾ, ಚೀಟಿ ಬರ್ಕೊಳ್ಳಿ."

ನಾನು ಚೀಟಿ ಎಳೆದುಕೊಂಡು ಅವಳ ಹೆಸರು, ವಯಸ್ಸು, ಊರು ಬರೆದೆ. ಮುಂದಿನ ಸಾಲಿಗೆ ಬಂದಾಗ ಪೆನ್ನು ನಿಂತಿತು. ಕೇಳಲು ನನ್ನಿಂದ ಆಗಲಿಲ್ಲ. ಕದಿರಪ್ಪನವರೇ ಕೇಳಿದರು.

"ತಾಯಿ ಹೆಸರು ಹೇಳಮ್ಮಾ."

"ರಾಧಮ್ಮ," ಎಂದಳು ಹುಡುಗಿ, ಸಿಟ್ಟು ಇನ್ನೂ ಇಳಿಯದ ದನಿಯಲ್ಲಿ.

"ರಾಧಮ್ಮ," ಎಂದು ಅವರು ನನಗೆ ತಿರುಗಿ ಹೇಳಿದರು. ನಾನು ಬರೆದುಕೊಂಡೆ. ಬರೆದದ್ದನ್ನು ಅವರು ಬಗ್ಗಿ ಇನ್ನೊಮ್ಮೆ ನೋಡಿ, ಸರಿಯಾಗಿದೆ ಎಂದರು.